ಕಾರಿನ ಸೀಟಿನ ಪಕ್ಕದ ಪ್ಯಾನೆಲ್: ಸದ್ದು, ಸಡಿಲ, ಬಿರುಕು ಬಂದರೆ ಕಾರಣ ಹುಡುಕುವುದು ಹೇಗೆ?

ಡ್ರೈವರ್ ಸೀಟಿನ ಬಾಗಿಲ ಕಡೆಯ ಪ್ಲಾಸ್ಟಿಕ್ ಕವರ್ ಸಡಿಲವಾಗಿದೆ. ಹಂಪ್ ಹಾರಿದಾಗ ಕಟಕಟ ಅನ್ನುತ್ತದೆ. ಸೀಟಿನ ಎತ್ತರ ಹೊಂದಿಸುವ ಲಿವರ್ ಜೋತುಬಿದ್ದಿದೆ. ಕೆಲವು ವರ್ಷ ಓಡಿದ ಕಾರಿನಲ್ಲಿ ಇವೆಲ್ಲ ಮಾಮೂಲು. ತೋರಿಸಲು ಹೋದರೆ ಕವರಿಗೆ ಒಂದು ಗುದ್ದು ಕೊಟ್ಟು ಕೂರಿಸುತ್ತಾರೆ, ಇಲ್ಲವೇ ಹೊರಗಿನಿಂದಲೇ ಒಂದು ಸ್ಕ್ರೂ ಹೊಡೆದು ಕಳಿಸುತ್ತಾರೆ. ಸ್ವಲ್ಪ ದಿನಕ್ಕೆ ಮತ್ತೆ ಅದೇ ಕಥೆ.

ಪ್ಯಾನೆಲ್ ತಾನಾಗಿಯೇ ಕೆಡುವುದು ಕಡಿಮೆ. ಹಿಂದಿನಿಂದ ಏನೋ ಒಂದು ಅದನ್ನು ತಳ್ಳುತ್ತಿರುತ್ತದೆ, ಇಲ್ಲವೇ ಉಜ್ಜುತ್ತಿರುತ್ತದೆ. ವೈರು ಸಿಕ್ಕಿಕೊಂಡಿರಬಹುದು, ಲಿವರ್ ಓರೆಯಾಗಿರಬಹುದು, ಫೋಮ್ ಕುಸಿದು ಕೂತವರ ತೊಡೆಯ ಭಾರವೆಲ್ಲ ಪ್ಲಾಸ್ಟಿಕ್ ಮೇಲೆ ಬೀಳುತ್ತಿರಬಹುದು. ಆ ಕಾರಣ ಸಿಗುವ ತನಕ ಹೊಸ ಪ್ಯಾನೆಲ್ ಹಾಕಿದರೂ ಹಳೆಯದು ಮುರಿದ ಜಾಗದಲ್ಲೇ ಅದೂ ಮುರಿಯುತ್ತದೆ. ಹಾಗಾಗಿ ಇಲ್ಲಿ ಹೆಚ್ಚು ಹೇಳಿರುವುದು ಹುಡುಕುವುದರ ಬಗ್ಗೆ. ಬಿಚ್ಚಿ ಕೂರಿಸುವುದು ಆಮೇಲಿನ ಮಾತು.

ಯಾವುದು ಎಲ್ಲಿದೆ

ಸೀಟಿನ ಪಕ್ಕ ಅಂದರೆ ಮೂರು ಬೇರೆ ಬೇರೆ ಭಾಗ. ಮೊದಲನೆಯದು ಬಾಗಿಲ ಕಡೆಯ ಪ್ಯಾನೆಲ್. ಒರಗು (ಬೆನ್ನು ಆನಿಸುವ ಭಾಗ) ಬಾಗಿಸುವ ಲಿವರ್, ಎತ್ತರದ ಲಿವರ್, ಕರೆಂಟ್ ಸೀಟಾದರೆ ಸ್ವಿಚ್ಚುಗಳು, ಎಲ್ಲವೂ ಇದರಲ್ಲೇ ಇರುತ್ತವೆ. ಎರಡನೆಯದು ಹ್ಯಾಂಡ್‌ಬ್ರೇಕ್ ಕಡೆಯ ಸಣ್ಣ ಕವರ್. ಬೆಲ್ಟಿನ ಬಕಲ್ ಇರುವುದು ಇದರ ಪಕ್ಕದಲ್ಲಿ. ಮೂರನೆಯದು ಒರಗಿನ ಪಕ್ಕ. ಅಲ್ಲಿ ಪ್ಲಾಸ್ಟಿಕ್‌ಗಿಂತ ಜಾಸ್ತಿ ಫೋಮ್ ಮತ್ತು ಬಟ್ಟೆ, ಒಳಗೆ ಕಬ್ಬಿಣದ ಚೌಕಟ್ಟು.

ಈ ಮೂರರಲ್ಲಿ ಮೊದಲು ಕೆಡುವುದು ಡ್ರೈವರ್ ಸೀಟಿನ ಬಾಗಿಲ ಕಡೆಯದ್ದೇ. ಹತ್ತುವಾಗ ಇಳಿಯುವಾಗ ನಾವು ಸೀಟಿನ ಅಂಚಿನ ಮೇಲೆ ಕೂತು ಜಾರುತ್ತೇವೆ. ಶೂ ತಾಗುತ್ತದೆ. ಬಾಗಿಲು ತೆರೆದಾಗಲೆಲ್ಲ ಬಿಸಿಲೂ ದೂಳೂ ಮೊದಲು ಅಲ್ಲಿಗೇ ಬರುತ್ತವೆ. ಹಿಂದಿನ ಸೀಟಿನ ಪಕ್ಕದ ಪ್ಲಾಸ್ಟಿಕ್ ಬಹಳ ಕಾಲ ಹೊಸದರಂತೆ ಇರುವುದಕ್ಕೂ ಇದೇ ಕಾರಣ, ಅಲ್ಲಿ ಯಾರೂ ಎಳೆಯುವುದಿಲ್ಲ, ಒತ್ತುವುದಿಲ್ಲ.

ಮುಟ್ಟುವ ಮುಂಚೆ ಏರ್‌ಬ್ಯಾಗ್ ನೋಡಿ

ಇದನ್ನು ಓದದೆ ಮುಂದೆ ಹೋಗಬೇಡಿ. ಈಗಿನ ತುಂಬಾ ಕಾರುಗಳಲ್ಲಿ ಮುಂದಿನ ಸೀಟುಗಳ ಒರಗಿನಲ್ಲಿ, ಬಾಗಿಲ ಕಡೆ, ಏರ್‌ಬ್ಯಾಗ್ ಇರುತ್ತದೆ. 6 ಏರ್‌ಬ್ಯಾಗ್ ಇರುವ ಕಾರು ಅಂದರೆ ಸಾಮಾನ್ಯವಾಗಿ ಮುಂದೆ 2, ಸೀಟುಗಳ ಪಕ್ಕದಲ್ಲಿ 2, ಕಿಟಕಿಗಳ ಮೇಲೆ ಪರದೆಯ ಹಾಗೆ ಇಳಿಯುವಂಥವು 2. 2023ರ ಅಕ್ಟೋಬರ್ 1ರಂದು, ಡಿಕ್ಕಿಯಲ್ಲಿ ಕಾರು ಎಷ್ಟು ಸುರಕ್ಷಿತ ಎಂದು ಅಳೆದು ಸ್ಟಾರ್ ಕೊಡುವ ಭಾರತ್ ಎನ್‌ಕ್ಯಾಪ್ ಪರೀಕ್ಷೆ ಜಾರಿಗೆ ಬಂತು. ಸಣ್ಣ ಕಾರುಗಳಲ್ಲೂ ಈಗ ಇವು ಬರುತ್ತಿವೆ.

ಸೀಟಿನಲ್ಲೇ ಯಾಕೆ? ಸೀಟು ಹಿಂದೆ ಮುಂದೆ ಸರಿದರೂ ಬ್ಯಾಗು ಕೂತವರ ಪಕ್ಕೆಲುಬಿನ ನೇರಕ್ಕೇ ಇರಬೇಕು, ಅದಕ್ಕೆ. 1994ರಲ್ಲಿ ವೋಲ್ವೊ ಪಕ್ಕದ ಏರ್‌ಬ್ಯಾಗ್ ಅನ್ನು ಮೊದಲು ತಂದಾಗಲೂ ಸೀಟಿನ ಒರಗಿನಲ್ಲೇ ಇಟ್ಟಿತ್ತು. ಪಕ್ಕದಿಂದ ಡಿಕ್ಕಿಯಾದಾಗ ಬಾಗಿಲಿಗೂ ಮೈಗೂ ನಡುವೆ ಇರುವುದು ಒಂದು ಗೇಣಿನಷ್ಟು ಜಾಗ. ಹಾಗಾಗಿ ಆ ಬ್ಯಾಗು ಸೆಕೆಂಡಿನ ನೂರರಲ್ಲಿ ಒಂದೆರಡು ಪಾಲಿನಷ್ಟು ಹೊತ್ತಿನಲ್ಲಿ ಉಬ್ಬಬೇಕು. ಅಷ್ಟು ಜೋರಿನಿಂದ ಬರುವ ವಸ್ತುವಿನ ಪಕ್ಕದಲ್ಲಿ ನಾವು ಸ್ಕ್ರೂಡ್ರೈವರ್ ಹಿಡಿದು ಕೂತಿರುತ್ತೇವೆ.

ಗುರುತು ಹಿಡಿಯುವುದು ಸುಲಭ. ಒರಗಿನ ಅಂಚಿನಲ್ಲಿ ಸಣ್ಣ ಬಟ್ಟೆಯ ಚೀಟಿಯ ಮೇಲೋ ಪ್ಲಾಸ್ಟಿಕ್ ಬಿಲ್ಲೆಯ ಮೇಲೋ ‘ಎಸ್‌ಆರ್‌ಎಸ್ ಏರ್‌ಬ್ಯಾಗ್’ ಅಥವಾ ಬರೀ ‘ಏರ್‌ಬ್ಯಾಗ್’ ಎಂದು ಇಂಗ್ಲಿಷಿನಲ್ಲಿ ಬರೆದಿರುತ್ತದೆ. ಸೀಟಿನ ಕೆಳಗೆ ಬಗ್ಗಿ ನೋಡಿದರೆ ಹಳದಿ ಬಣ್ಣದ ಕನೆಕ್ಟರ್ ಕಾಣುತ್ತದೆ. ಹಳದಿ ಕಂಡರೆ ಅದು ಏರ್‌ಬ್ಯಾಗಿನದ್ದು ಅಥವಾ ಬೆಲ್ಟ್ ಬಿಗಿಮಾಡುವ ಪ್ರೀಟೆನ್ಷನರ್‌ದು ಎಂದುಕೊಂಡೇ ನಡೆಯಿರಿ. ಕೆಲವು ಕಾರುಗಳಲ್ಲಿ ಪ್ರೀಟೆನ್ಷನರ್ ಇರುವುದು ಬಕಲ್ ಬುಡದಲ್ಲೇ. ಆದ್ದರಿಂದ ಹ್ಯಾಂಡ್‌ಬ್ರೇಕ್ ಕಡೆಯ ಸಣ್ಣ ಕವರ್ ತಾನೇ ಅಂತ ಹಗುರವಾಗಿ ತಗೋಬೇಡಿ.

ಇಂಥ ಸೀಟಿನಲ್ಲಿ ಒರಗಿನ ಪಕ್ಕವನ್ನು ಮನೆಯಲ್ಲಿ ಬಿಚ್ಚಬಾರದು. ಹೊಲಿಯಬಾರದು, ಅಂಟು ಹಾಕಬಾರದು, ಹೊಸ ಸ್ಕ್ರೂ ಹೊಡೆಯಬಾರದು. ಅಲ್ಲಿನ ಹೊಲಿಗೆ ಬ್ಯಾಗು ಉಬ್ಬಿದಾಗ ಹರಿಯಲೆಂದೇ ಬೇರೆ ದಾರದಲ್ಲಿ ಹಾಕಿದ್ದು. ಗಟ್ಟಿ ದಾರದಲ್ಲಿ ಮತ್ತೆ ಹೊಲಿದರೆ ಬ್ಯಾಗು ಹೊರಗೆ ಬರುವ ದಾರಿಯನ್ನೇ ಮುಚ್ಚಿದಂತೆ. ಮಾಮೂಲು ಸೀಟ್ ಕವರ್ ಹಾಕಿಸುವವರಿಗೂ ಇದೇ ಮಾತು. ಬ್ಯಾಗಿನ ಜಾಗ ತೆರೆದಿರುವ, ನಿಮ್ಮ ಕಾರಿಗೆಂದೇ ಮಾಡಿದ ಕವರ್ ಸಿಗದಿದ್ದರೆ ಕವರ್ ಇಲ್ಲದೆಯೇ ಇರಲಿ. ಬಿಗಿಯಾದ ರೆಕ್ಸಿನ್ ಕವರಿನ ಅಡಿಯಲ್ಲಿ ಆ ಚೀಟಿ ಮುಚ್ಚಿಹೋಗಿರುವ ಕಾರುಗಳನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ದುಡ್ಡು ಕೊಟ್ಟು ಏರ್‌ಬ್ಯಾಗ್ ಇರುವ ಮಾಡೆಲ್ ತಗೊಂಡಿರುತ್ತಾರೆ, ಮತ್ತೆ ದುಡ್ಡು ಕೊಟ್ಟು ಅದನ್ನು ಕಟ್ಟಿಹಾಕಿಸಿರುತ್ತಾರೆ.

ಸದ್ದು ಎಲ್ಲಿಂದ?

ಸದ್ದು ಹುಡುಕಲು ಇಬ್ಬರು ಬೇಕು. ಒಬ್ಬರು ಓಡಿಸಬೇಕು, ಇನ್ನೊಬ್ಬರು ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿ ಕೂತು ಕಿವಿಗೊಡಬೇಕು. ಗುಂಡಿ ಬಿದ್ದ ರಸ್ತೆಯಲ್ಲಿ ನಿಧಾನಕ್ಕೆ ಹೋದರೆ ಸಾಕು, ಜೋರಾಗಿ ಹೋದರೆ ಟಯರಿನ ಸದ್ದಿನಲ್ಲಿ ಎಲ್ಲ ಮುಳುಗುತ್ತದೆ. ಮೊದಲು ಬಾಗಿಲ ಜೇಬಿನ ಬಾಟಲಿ, ಸೀಟಿನ ಹಿಂದಿನ ಜೇಬಿನ ಸಾಮಾನು, ಸೀಟಿನ ಕೆಳಗಿನ ಛತ್ರಿ ಎಲ್ಲ ಖಾಲಿ ಮಾಡಿ. ತಲೆದಿಂಬನ್ನೂ ಅಲುಗಿಸಿ ನೋಡಿ. ಅದರ ಕಂಬಿ ಸಡಿಲವಿದ್ದರೆ ಬರುವ ಸದ್ದು ಪಕ್ಕದಿಂದ ಬಂದ ಹಾಗೇ ಕೇಳಿಸುತ್ತದೆ.

ಪಕ್ಕದ ಸೀಟಿನಲ್ಲಿ ಯಾರೂ ಇಲ್ಲದಾಗ ಮಾತ್ರ ಟಕಟಕ ಸದ್ದು ಬಂದರೆ ಬೆಲ್ಟಿನ ನಾಲಿಗೆ ನೋಡಿ. ಬಾಗಿಲ ಕಂಬದಲ್ಲಿ ನೇತಾಡುವ ಆ ಕಬ್ಬಿಣದ ತುದಿ ಪ್ಲಾಸ್ಟಿಕ್‌ಗೆ ಬಡಿಯುತ್ತಿರುತ್ತದೆ. ಬೆಲ್ಟನ್ನು ಬಕಲ್‌ಗೆ ಸಿಕ್ಕಿಸಿ ಮತ್ತೆ ಓಡಿಸಿ. ಸದ್ದು ನಿಂತರೆ ಸೀಟನ್ನು ಮುಟ್ಟುವ ಅಗತ್ಯವೇ ಇಲ್ಲ.

ಯಾರಾದರೂ ಕೂತಾಗ ಮಾತ್ರ ಬರುವ ಕಿರ್ ಕಿರ್ ಬೇರೆ ಜಾತಿ. ಅದು ಎರಡು ವಸ್ತು ಒಂದಕ್ಕೊಂದು ಉಜ್ಜುವ ಸದ್ದು. ಕಾರು ನಿಂತಿರುವಾಗಲೇ ಅದನ್ನು ಹಿಡಿಯಬಹುದು. ಸೀಟಿನಲ್ಲಿ ಕೂತು ಮೈಯನ್ನು ಎಡಕ್ಕೆ ಬಲಕ್ಕೆ ವಾಲಿಸಿ. ಹೊರಗೆ ನಿಂತವರು ಅಂಗೈಯಿಂದ ಪ್ಯಾನೆಲನ್ನು ಮುಂದಿನ ತುದಿಯಿಂದ ಶುರುಮಾಡಿ ಹಿಂದಿನ ತನಕ ಒತ್ತುತ್ತಾ ಬರಲಿ. ಯಾವ ಜಾಗ ಒತ್ತಿದಾಗ ಸದ್ದು ನಿಲ್ಲುತ್ತದೋ ಅಲ್ಲಿ ಸೀಮೆಸುಣ್ಣದಿಂದ ಒಂದು ಗೀಟು ಹಾಕಿ. ಹ್ಯಾಂಡ್‌ಬ್ರೇಕ್ ಕಡೆ ಬಂದರೆ ಬಕಲ್ ಹಿಡಿದು ಅಲುಗಿಸಿ. ಬಕಲಿನ ಕಂಬಿ ಕವರಿಗೆ ಉಜ್ಜುವುದು ಬಹಳ ಸಾಮಾನ್ಯ.

ಹಂಪ್‌ನಲ್ಲಿ ಮಾತ್ರ ಕಟ್ ಎಂದು ಒಂದೇ ಸಲ ಬಡಿದರೆ ಕ್ಲಿಪ್ ಮುರಿದಿದೆ ಅಥವಾ ಸ್ಕ್ರೂ ಸಡಿಲವಾಗಿದೆ. ಉದ್ದಕ್ಕೂ ಗರಗರ ಅನ್ನುತ್ತಿದ್ದರೆ ಒಳಗಿನ ವೈರಿನ ಕನೆಕ್ಟರ್ ತನ್ನ ಹಿಡಿಯಿಂದ ಕಳಚಿ ನೇತಾಡುತ್ತಿರಬಹುದು.

ಬ್ರೇಕ್ ಹಾಕಿದಾಗ ಅಥವಾ ಆಕ್ಸಿಲರೇಟರ್ ಒತ್ತಿದಾಗ ಸೀಟೇ ಒಂದು ಗುಲಗಂಜಿಯಷ್ಟು ಹಿಂದೆ ಮುಂದೆ ಸರಿದು ಟಕ್ ಅನ್ನುತ್ತಿದೆಯಾ? ಅದು ಪ್ಯಾನೆಲಿನ ತೊಂದರೆ ಅಲ್ಲ. ಸೀಟು ಸರಿಯುವ ಹಳಿಯ ಲಾಕ್ ಸರಿಯಾಗಿ ಕೂತಿಲ್ಲ, ಇಲ್ಲವೇ ಸೀಟನ್ನು ನೆಲಕ್ಕೆ ಹಿಡಿದ ಬೋಲ್ಟ್ ಸಡಿಲವಾಗಿದೆ. ಹಳಿಯಲ್ಲಿ ಚಿಲ್ಲರೆ ಕಾಸು, ಕಲ್ಲು ಸಿಕ್ಕಿಕೊಂಡು ಲಾಕ್ ಅರ್ಧಕ್ಕೇ ನಿಲ್ಲುವುದೂ ಉಂಟು. ಕಸ ತೆಗೆದು, ಸೀಟನ್ನು ಸರಿಸಿ, ಎರಡೂ ಕಡೆ ಲಾಕ್ ಬಿದ್ದ ಸದ್ದು ಕೇಳಿ. ಆಮೇಲೂ ಅಲುಗಾಟ ಇದ್ದರೆ ಸೀದಾ ವರ್ಕ್‌ಶಾಪಿಗೆ ಹೋಗಿ. ಒರಗಿನ ಒಂದು ಪಕ್ಕ ಗಟ್ಟಿ, ಇನ್ನೊಂದು ಪಕ್ಕ ತಿರುಚಿದ ಹಾಗೆ ಆಡುತ್ತಿದ್ದರೂ ಹಾಗೆಯೇ. ತುಂಬಾ ಸೀಟುಗಳಲ್ಲಿ ಒರಗಿಗೆ ಎರಡೂ ಪಕ್ಕ ಲಾಕ್ ಇರುತ್ತದೆ, ನಡುವೆ ಒಂದು ಸರಳು ಅವೆರಡನ್ನೂ ಜೋಡಿಸಿರುತ್ತದೆ. ಒಂದು ಪಕ್ಕ ಕಚ್ಚದಿದ್ದರೆ ಇಡೀ ಒರಗು ಇನ್ನೊಂದರ ಮೇಲೆ ನಿಂತಿದೆ ಅಂತ ಅರ್ಥ. ಅಂಥ ಸೀಟಿನಲ್ಲಿ ಹೈವೇಗೆ ಹೋಗಬೇಡಿ.

ಲಿವರಿನ ತೊಂದರೆ

ಎತ್ತರದ ಲಿವರ್ ಮೇಲೆ ಕೆಳಗೆ ಸಲೀಸಾಗಿ ಆಡುತ್ತದೆ, ಸೀಟು ಮಾತ್ರ ಏಳುವುದಿಲ್ಲ. ಇಲ್ಲಿ ಎರಡೇ ಸಾಧ್ಯತೆ. ಲಿವರಿನ ಪ್ಲಾಸ್ಟಿಕ್ ಬುಡ ಬಿರಿದು ಒಳಗಿನ ಕಬ್ಬಿಣವನ್ನು ತಿರುಗಿಸುತ್ತಿಲ್ಲ, ಅಥವಾ ಸೀಟನ್ನು ಎತ್ತುವ ಒಳಗಿನ ಪಂಪ್ ಕೆಟ್ಟಿದೆ. ಲಿವರ್ ಆಡಿಸುವಾಗ ಒಳಗಿನ ತುದಿಗೆ ಟಾರ್ಚ್ ಬಿಟ್ಟು ನೋಡಿ. ಕಬ್ಬಿಣವೂ ಜೊತೆಗೆ ತಿರುಗುತ್ತಿದ್ದರೆ ತೊಂದರೆ ಪಂಪಿನದ್ದು, ನಿಂತಲ್ಲೇ ಇದ್ದರೆ ಲಿವರಿನದ್ದು. ಬರೀ ಲಿವರ್ ಬದಲಿಸುವುದು ಸಣ್ಣ ಕೆಲಸ. ಪಂಪಿಗೆ ಸೀಟನ್ನೇ ಹೊರಗೆ ತೆಗೆಯಬೇಕಾಗಬಹುದು.

ಲಿವರ್ ಕೆಳಗೆ ಜೋತುಬಿದ್ದು ತಾನಾಗಿ ಮೇಲೆ ಬರದಿದ್ದರೆ ಸ್ಪ್ರಿಂಗ್ ಕಳಚಿರುತ್ತದೆ. ಕೆಲವು ಸಲ ಸ್ಪ್ರಿಂಗ್ ಸರಿಯಾಗೇ ಇರುತ್ತದೆ, ಪ್ಯಾನೆಲ್ ಸರಿದು ಅದರ ಸೀಳಿನ ಅಂಚಿಗೆ ಲಿವರ್ ತಾಗಿ ನಿಂತಿರುತ್ತದೆ. ಆ ಅಂಚಿನಲ್ಲಿ ಬಿಳಿ ಗೀರು ಕಂಡರೆ ಇದೇ ಎಂದು ತಿಳಿಯಿರಿ.

ಎತ್ತರ ಹೆಚ್ಚಿಸುವಾಗ ಮೈಭಾರವನ್ನು ಪೂರ್ತಿ ಸೀಟಿನ ಮೇಲೆ ಬಿಡಬೇಡಿ. ಸ್ವಲ್ಪ ಎದ್ದಂತೆ ಮಾಡಿ ಲಿವರ್ ಎಳೆಯಿರಿ. ಪಂಪಿಗೂ ಲಿವರಿಗೂ ಆಯಸ್ಸು ಹೆಚ್ಚುತ್ತದೆ.

ಬಿಚ್ಚುವ ಕ್ರಮ

ಇದು ಕೂರುವ ಭಾಗದ ಪಕ್ಕದ ಪ್ಯಾನೆಲ್‌ಗೆ ಮಾತ್ರ ಹೇಳುತ್ತಿರುವುದು. ಇಗ್ನಿಷನ್ ಆಫ್ ಮಾಡಿ, ಕೀ ಹೊರಗಿಟ್ಟು, ಬ್ಯಾಟರಿಯ ಮೈನಸ್ ತುದಿ ಬಿಚ್ಚಿ ಬದಿಗೆ ಸರಿಸಿ. ಏರ್‌ಬ್ಯಾಗ್ ಕಂಪ್ಯೂಟರಿನಲ್ಲಿ ಸ್ವಲ್ಪ ಹೊತ್ತು ಕರೆಂಟ್ ಉಳಿದಿರುತ್ತದೆ. ಎಷ್ಟು ಕಾಯಬೇಕೆಂದು ಕಾರಿನ ಸರ್ವಿಸ್ ಪುಸ್ತಕ ಹೇಳುತ್ತದೆ. ಕೆಲವು ನಿಮಿಷ ಎಂದು ಬರೆದಿದ್ದರೂ ನಾನಂತೂ ಹತ್ತು ನಿಮಿಷ ಬಿಡುತ್ತೇನೆ. ಹಳದಿ ಕನೆಕ್ಟರಿಗೆ ಮಲ್ಟಿಮೀಟರ್ ಹಚ್ಚಲೇಬೇಡಿ. ಓಮ್ಸ್ ಅಳೆಯುವಾಗ ಮೀಟರೇ ಸಣ್ಣ ಕರೆಂಟ್ ಕಳಿಸುತ್ತದೆ, ಬ್ಯಾಗು ಸಿಡಿಯಲು ಅದೂ ಸಾಕಾಗಬಹುದು.

ಬಿಚ್ಚಲು ಒಳ್ಳೆಯ ಹೊತ್ತು ಮಧ್ಯಾಹ್ನ. ಪ್ಲಾಸ್ಟಿಕ್ ಬೆಚ್ಚಗಿದ್ದಾಗ ಬಾಗುತ್ತದೆ, ಚಳಿಯ ಬೆಳಿಗ್ಗೆ ಲಟಕ್ಕನೆ ಮುರಿಯುತ್ತದೆ.

ಮೊದಲು ಸ್ಕ್ರೂಗಳನ್ನು ಹುಡುಕಿ. ಒಂದು ಮುಂದೆ ಕೆಳಗಡೆ, ಇನ್ನೊಂದು ಹಿಂದೆ ಇರುವುದು ಸಾಮಾನ್ಯ. ಲಿವರಿನ ಹಿಂದೆ ಅಥವಾ ಸಣ್ಣ ಮುಚ್ಚಳದ ಅಡಿಯಲ್ಲಿ ಅಡಗಿರುವುದೂ ಉಂಟು. ಹೆಚ್ಚಿನವು ಸ್ಟಾರ್ ಸ್ಕ್ರೂ (ತಲೆಯಲ್ಲಿ ಪ್ಲಸ್ ಗುರುತಿನದ್ದು), ಕೆಲವು ಕಾರುಗಳಲ್ಲಿ ಆರು ಮೂಲೆಯ ಟಾರ್ಕ್ಸ್. ಒರಗಿನ ಲಿವರನ್ನು ತಂತಿಯ ಕ್ಲಿಪ್ ಹಿಡಿದಿದ್ದರೆ ಲಿವರಿನ ಹಿಂದೆ ಒಂದು ಬಟ್ಟೆಯ ಪಟ್ಟಿ ತೂರಿಸಿ ಎಡಕ್ಕೆ ಬಲಕ್ಕೆ ಎಳೆದಾಡಿ, ಕ್ಲಿಪ್ ಮೇಲಕ್ಕೆ ಬರುತ್ತದೆ. ಅದು ಹಾರಿ ಕಳೆದುಹೋಗುವ ವಸ್ತು, ಇನ್ನೊಂದು ಕೈ ಅಡ್ಡ ಇಟ್ಟುಕೊಳ್ಳಿ.

ಆಮೇಲೆ ಪ್ಲಾಸ್ಟಿಕ್ ಪ್ರೈ ಟೂಲ್ (ಅಂಚು ಎಬ್ಬಿಸುವ ಚಪ್ಪಟೆ ಪಟ್ಟಿ) ತೂರಿಸಿ ಒಂದೊಂದೇ ಕ್ಲಿಪ್ ಬಿಡಿಸಿ. ಕಬ್ಬಿಣದ ಸ್ಕ್ರೂಡ್ರೈವರ್ ಅಂಚನ್ನು ಕಚ್ಚುತ್ತದೆ. ಒಂದು ತುದಿ ಹಿಡಿದು ಒಂದೇ ಏಟಿಗೆ ಎಳೆದರೆ ಇನ್ನೊಂದು ತುದಿಯ ಕೊಕ್ಕೆ ಮುರಿಯುತ್ತದೆ. ಕೆಲವು ಪ್ಯಾನೆಲ್‌ಗಳು ಹೊರಕ್ಕೆ ಬರುವುದೇ ಇಲ್ಲ, ಮೊದಲು ಮುಂದಕ್ಕೆ ಸರಿಯಬೇಕು. ಜೋರು ಮಾಡುವ ಮುಂಚೆ ಎಲ್ಲಿ ಸಿಕ್ಕಿದೆ ಎಂದು ಟಾರ್ಚ್ ಹಾಕಿ ನೋಡಿ. ಸ್ವಿಚ್ ಇದ್ದರೆ ವೈರು ಹಿಂದೆಯೇ ಇರುತ್ತದೆ, ಎಳೆದು ಕಿತ್ತುಬಿಡಬೇಡಿ.

ಒಳಮುಖ ಓದುವುದು

ಕೈಗೆ ಬಂದ ಪ್ಯಾನೆಲನ್ನು ತಿರುಗಿಸಿ ಬೆಳಕಿಗೆ ಹಿಡಿಯಿರಿ. ನನಗೆ ಇಡೀ ಕೆಲಸದಲ್ಲಿ ಇಷ್ಟವಾಗುವ ಘಟ್ಟ ಇದೇ. ಹೊರಗೆ ಏನೂ ಹೇಳದ ಪ್ಲಾಸ್ಟಿಕ್ ಒಳಗೆ ಎಲ್ಲ ಹೇಳುತ್ತದೆ. ದೂಳು ಕೂತ ಕಪ್ಪು ಮೈಯಲ್ಲಿ ಎಲ್ಲೋ ಒಂದು ಕಡೆ ಕಾಸಿನಗಲ ಉಜ್ಜಿ ಹೊಳೆಯುವ ಕಲೆ ಇರುತ್ತದೆ. ಅದಕ್ಕೆ ಎದುರಾಗಿ ಸೀಟಿನ ಚೌಕಟ್ಟಿನಲ್ಲಿ ನೋಡಿ. ಬಣ್ಣ ಹೋದ ಕಬ್ಬಿಣವೋ, ಹೊಳಪು ಬಂದ ವೈರಿನ ಕವಚವೋ ಸಿಗುತ್ತದೆ. ಕಿರ್ ಕಿರ್ ಬರುತ್ತಿದ್ದದ್ದು ಅಲ್ಲಿಂದ. ಸೀಮೆಸುಣ್ಣದ ಗೀಟಿಗೂ ಈ ಕಲೆಗೂ ತಾಳೆಯಾದರೆ ಅನುಮಾನವೇ ಬೇಡ.

ಆ ಜಾಗಕ್ಕೆ ಮಾತ್ರ ಫೆಲ್ಟ್ ಟೇಪ್ (ಮೆತ್ತನೆ ಬಟ್ಟೆಯಂಥ ಟೇಪ್) ಅಂಟಿಸಿ. ಎಲ್ಲ ಕಡೆ ಅಂಟಿಸಿದರೆ ಪ್ಯಾನೆಲ್ ದಪ್ಪವಾಗಿ ಕ್ಲಿಪ್ಪೇ ಕೂರುವುದಿಲ್ಲ. ವೈರಿಗೆ ಬಟ್ಟೆ ಟೇಪ್ ಸುತ್ತಿ. ಕಪ್ಪು ಇನ್ಸುಲೇಷನ್ ಟೇಪ್ ಬೇಡ, ಬೇಸಿಗೆಯಲ್ಲಿ ಅದರ ಅಂಟು ಕರಗಿ ಜಿನುಗುತ್ತದೆ. ವೈರಿನ ಕವಚದಲ್ಲಿ ಸಣ್ಣ ಹಲ್ಲಿನ ಗುರುತು ಕಂಡರೆ ಇಲಿ ಬಂದಿದೆ. ಮಾಮೂಲು ವೈರನ್ನು ಎಲೆಕ್ಟ್ರಿಷಿಯನ್ ಸರಿಮಾಡಬಹುದು. ಹಳದಿ ಕನೆಕ್ಟರಿಗೆ ಹೋಗುವ ವೈರು ಕಡಿದಿದ್ದರೆ ಜೋಡಿಸುವ ಗೊಡವೆಗೆ ಹೋಗದೆ ಸರ್ವಿಸ್ ಸೆಂಟರಿಗೆ ಒಯ್ಯಿರಿ.

ಬಾಗಿದ ಜಾಗದಲ್ಲಿ ಬಿಳಿ ಗೆರೆಗಳಿದ್ದರೆ ಪ್ಲಾಸ್ಟಿಕ್ ಅಲ್ಲಿ ದಣಿದಿದೆ. ಆ ಗೆರೆಗಳು ಮೇಲಂಚಿನಲ್ಲಿದ್ದರೆ ಭಾರ ಮೇಲಿನಿಂದ ಬೀಳುತ್ತಿದೆ, ಅಂದರೆ ಫೋಮ್ ಕುಸಿದಿದೆ. ಲಿವರಿನ ತೂತಿನ ಸುತ್ತ ಇದ್ದರೆ ಲಿವರ್ ಓರೆಯಾಗಿ ಎಳೆಯುತ್ತಿದೆ.

ಮುರಿದ ಕಿವಿ, ಕೊಕ್ಕೆ

ಒಳಮುಖದಲ್ಲೇ ಎರಡು ಬಾಣದ ಗುರುತಿನ ನಡುವೆ ಪ್ಲಾಸ್ಟಿಕ್ ಯಾವುದೆಂದು ಅಚ್ಚಾಗಿರುತ್ತದೆ. ‘ಪಿಪಿ’ ಅಂದರೆ ಪಾಲಿಪ್ರೊಪಿಲೀನ್. ಅದರ ಮುಂದೆ ‘ಟಿಡಿ20’ ಎಂದಿದ್ದರೆ ತೂಕದಲ್ಲಿ ನೂರಕ್ಕೆ 20 ಪಾಲು ಟಾಲ್ಕ್ ಪುಡಿ ಬೆರೆತಿದೆ. ಸೀಟಿನ ಪ್ಯಾನೆಲ್‌ಗಳಲ್ಲಿ ಹೆಚ್ಚಾಗಿ ಸಿಗುವುದು ಪಿಪಿಯೇ. ಇದಕ್ಕೆ ಯಾವ ಅಂಟೂ ಸುಲಭಕ್ಕೆ ಹಿಡಿಯುವುದಿಲ್ಲ. ಸೂಪರ್ ಗ್ಲೂ, ಅದರ ಮೇಲೆ ಅಡುಗೆ ಸೋಡಾ ಉದುರಿಸುವ ಉಪಾಯ ‘ಎಬಿಎಸ್’ ಎಂಬ ಇನ್ನೊಂದು ಬಗೆಯ ಪ್ಲಾಸ್ಟಿಕ್‌ಗೆ ಒಂದಷ್ಟು ನಿಲ್ಲುತ್ತದೆ, ಪಿಪಿಯಲ್ಲಿ ಹಪ್ಪಳದ ಹಾಗೆ ಎದ್ದುಬರುತ್ತದೆ.

ಪಿಪಿಗೆ ಸರಿಯಾದ ದಾರಿ ಕರಗಿಸಿ ಬೆಸೆಯುವುದು. ಅದು ಸುಮಾರು 160 ಡಿಗ್ರಿಗೆ ಕರಗುತ್ತದೆ. ಸಾಲ್ಡರಿಂಗ್ ಐರನ್‌ನಿಂದ ಮುರಿದ ಕಿವಿಯ (ಸ್ಕ್ರೂ ಕೂರುವ ಚಾಚಿನ) ಎರಡೂ ಅಂಚು ಕರಗಿಸಿ ಕೂಡಿಸಿ. ಹಿಂದುಗಡೆ ಸಣ್ಣ ಸ್ಟೀಲ್ ಜಾಲರಿ ತುಂಡು ಇಟ್ಟು ಬಿಸಿಮಾಡಿ ಒಳಕ್ಕೆ ಇಳಿಸಿ, ಮೇಲೆ ಪಿಪಿ ಪಟ್ಟಿಯನ್ನೇ ಕರಗಿಸಿ ಮುಚ್ಚಿ. ಬಯಲಿನಲ್ಲಿ ಮಾಡಿ, ಹೊಗೆ ಒಳ್ಳೆಯದಲ್ಲ. ಕಾರಿನೊಳಗೆ ಕೂತು ಮಾಡುವ ಕೆಲಸ ಇದಲ್ಲವೇ ಅಲ್ಲ. ಸ್ಕ್ರೂ ಕೂರುವ ಕಿವಿಗೆ ಇದು ಚೆನ್ನಾಗಿ ನಿಲ್ಲುತ್ತದೆ. ಬಾಗಿ ಲಾಕ್ ಆಗುವ ತೆಳು ಕೊಕ್ಕೆಗೆ ನಿಲ್ಲುವುದಿಲ್ಲ, ಅದು ಮುರಿದರೆ ಪ್ಯಾನೆಲ್ ಬದಲಿಸಿ.

ಹೊರಗಿನಿಂದ ಉದ್ದ ಸ್ಕ್ರೂ ಹೊಡೆಯುವುದನ್ನು ಮಾತ್ರ ಯಾರಿಗೂ ಬಿಡಬೇಡಿ. ತುದಿ ಒಳಗಿನ ವೈರಿಗೋ ಫೋಮಿಗೋ ಚುಚ್ಚುತ್ತದೆ. ಯಾವ ವೈರಿಗೆ ಚುಚ್ಚಿತು ಎಂದು ಹೊಡೆದವರಿಗೂ ಗೊತ್ತಾಗುವುದಿಲ್ಲ.

ಫೋಮ್ ಮತ್ತು ಬಟ್ಟೆ

ಸೀಟಿನ ಕೆಳಗೆ ಹಳದಿ ಪುಡಿ ಉದುರಿದ್ದರೆ ಅದು ದೂಳಲ್ಲ. ಬೆರಳಲ್ಲಿ ಹಿಚುಕಿ ನೋಡಿ, ಮೆತ್ತಗಿರುತ್ತದೆ. ಚೌಕಟ್ಟಿನ ಕಂಬಿ ಫೋಮನ್ನು ಅರೆಯುತ್ತಿದೆ. ಅಂಚಿನ ದಿಂಬು ಕುಸಿಯುತ್ತಾ ಹೋಗಿ, ತೊಡೆ ಪ್ಯಾನೆಲ್ ಮೇಲೆ ಕೂರುತ್ತದೆ. ಕೂರುವ ಭಾಗದ ಅಂಚನ್ನು ಸೀಟ್ ಕುಶನ್ ಕೆಲಸದವರು ಹೊಸ ಫೋಮ್ ಸೇರಿಸಿ ಸರಿಮಾಡುತ್ತಾರೆ. ಕಂಬಿ ತಾಗುವ ಜಾಗಕ್ಕೆ ಗಟ್ಟಿ ಬಟ್ಟೆಯ ಪದರ ಹಾಕಲು ಹೇಳಿ. ಇಲ್ಲದಿದ್ದರೆ ಹೊಸ ಫೋಮೂ ಪುಡಿಯಾಗುತ್ತದೆ. ಒರಗಿನ ಪಕ್ಕದ ಫೋಮ್ ಕುಸಿದಿದ್ದು ಅಲ್ಲಿ ಏರ್‌ಬ್ಯಾಗ್ ಇದ್ದರೆ, ಕಂಪನಿಯ ಸರ್ವಿಸ್ ಸೆಂಟರೇ ಗತಿ.

ಹತ್ತುವ ಅಭ್ಯಾಸ ಬದಲಿಸಿದರೂ ಫೋಮ್ ಉಳಿಯುತ್ತದೆ. ಅಂಚಿನ ಮೇಲೆ ಕೂತು ಜಾರುವ ಬದಲು ನೇರ ಸೀಟಿನ ನಡುವಿಗೆ ಕೂತು, ಆಮೇಲೆ ಕಾಲು ಒಳಗೆ ತನ್ನಿ. ಮಂಡಿನೋವಿನವರಿಗೆ, ವಯಸ್ಸಾದವರಿಗೆ ಇದೇ ಸುಲಭವೂ ಹೌದು.

ತೊಳೆಯುವುದು, ಒರೆಸುವುದು

ಇದಕ್ಕೆ ಜಾಸ್ತಿ ಹೇಳುವುದಿಲ್ಲ. ಶಾಂಪೂ ಹಾಕಿದ ನೀರಲ್ಲಿ ಬಟ್ಟೆ ಅದ್ದಿ, ಹಿಂಡಿ ಒರೆಸಿ. ಸ್ವಿಚ್ಚಿನ ಮೇಲೆ ನೀರು ಚಿಮುಕಿಸಬೇಡಿ. ಹೊಳಪಿಗೆಂದು ಕೊಬ್ಬರಿ ಎಣ್ಣೆ, ಡೀಸೆಲ್ ಸವರುವವರಿದ್ದಾರೆ. ಎಣ್ಣೆ ದೂಳು ಹಿಡಿಯುತ್ತದೆ, ಡೀಸೆಲ್ ವಾಸನೆ ತಿಂಗಳಾದರೂ ಹೋಗುವುದಿಲ್ಲ. ಪ್ಲಾಸ್ಟಿಕ್ ಉಜ್ಜುವ ಜಾಗಕ್ಕೆ ಜಾರಿಕೆ ಬೇಕಾದರೆ ಸಿಲಿಕೋನ್ ಸ್ಪ್ರೇಯನ್ನು ಬಟ್ಟೆಗೆ ಹಾಕಿ ಸವರಿ.

ಬಯಲುಸೀಮೆಯವರು ಹಳಿಗಳನ್ನು ಆಗಾಗ ವ್ಯಾಕ್ಯೂಮ್ ಮಾಡಿ. ಹಳೇ ಗ್ರೀಸಿನಲ್ಲಿ ಕೆಮ್ಮಣ್ಣು ಸೇರಿದರೆ ಮರಳುಕಾಗದ ಉಜ್ಜಿದಂತೆ ಹಳಿ ಸವೆಯುತ್ತದೆ. ಕರಾವಳಿಯಲ್ಲಿ ಉಪ್ಪುಗಾಳಿಗೆ ಲಿವರಿನ ಸ್ಪ್ರಿಂಗ್ ತುಕ್ಕು ಹಿಡಿಯುತ್ತದೆ, ಪ್ಯಾನೆಲ್ ಬಿಚ್ಚಿದಾಗ ಅದನ್ನೂ ನೋಡಿ. ಮಲೆನಾಡಿನ ಮಳೆಗಾಲದಲ್ಲಿ ಒದ್ದೆ ಮ್ಯಾಟನ್ನು ಸೀಟಿನ ಬುಡದಲ್ಲಿ ಬಿಡಬೇಡಿ. ಕೆಳಗಿನ ಕನೆಕ್ಟರಿಗೆ ತೇವ ಹೋದರೆ ಏರ್‌ಬ್ಯಾಗ್ ದೀಪ ಉರಿಯಲು ಅಷ್ಟೇ ಸಾಕು.

ಮತ್ತೆ ಕೂರಿಸುವಾಗ, ಹೊಸದು ತರುವಾಗ

ಮೊದಲು ಕೊಕ್ಕೆ, ಆಮೇಲೆ ಕ್ಲಿಪ್, ಕೊನೆಗೆ ಸ್ಕ್ರೂ. ಸ್ಕ್ರೂ ಬಿಗಿಯಾದ ಕೂಡಲೇ ನಿಲ್ಲಿಸಿ, ಪ್ಲಾಸ್ಟಿಕ್ ಮರೆ (ಥ್ರೆಡ್) ಬೇಗ ಹರಿಯುತ್ತದೆ. ಬ್ಯಾಟರಿ ಜೋಡಿಸುವ ಮುಂಚೆ ಸೀಟನ್ನು ಪೂರ್ತಿ ಹಿಂದಕ್ಕೆ, ಪೂರ್ತಿ ಮುಂದಕ್ಕೆ ಸರಿಸಿ, ಯಾವ ವೈರೂ ಬಿಗಿಯಾಗುತ್ತಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಇಗ್ನಿಷನ್ ಆನ್ ಮಾಡಿದಾಗ ಏರ್‌ಬ್ಯಾಗ್ ದೀಪ ಕೆಲವು ಸೆಕೆಂಡ್ ಉರಿದು ಆರಬೇಕು. ಆರದಿದ್ದರೆ, ಅಥವಾ ಮೊದಲೇ ಉರಿಯದಿದ್ದರೆ, ವರ್ಕ್‌ಶಾಪಿನಲ್ಲಿ ದೋಷ ಓದುವ ಸ್ಕ್ಯಾನರ್ ಹಾಕಿಸಿ. ಆ ದೀಪ ಉರಿಯುತ್ತಿರುವ ತನಕ ಡಿಕ್ಕಿಯಲ್ಲಿ ಬ್ಯಾಗು ತೆರೆಯುತ್ತದೆ ಎಂದು ನಂಬುವ ಹಾಗಿಲ್ಲ.

ಹೊಸ ಪ್ಯಾನೆಲ್ ಕೇಳುವಾಗ ಎಡವೋ ಬಲವೋ, ಎತ್ತರದ ಲಿವರ್ ಇದೆಯೋ ಇಲ್ಲವೋ, ಬಣ್ಣ ಯಾವುದು, ಇವಿಷ್ಟೂ ಹೇಳಬೇಕು. ಒಂದೇ ಕಾರಿನ ಬೇರೆ ಬೇರೆ ಮಾಡೆಲ್‌ಗೆ ತೂತುಗಳೇ ಬೇರೆ ಇರುತ್ತವೆ. ಹಳೆಯ ಪ್ಯಾನೆಲಿನ ಒಳಮುಖದ ಪಾರ್ಟ್ ನಂಬರ್ ಫೋಟೊ ತೆಗೆದುಕೊಂಡು ಹೋಗುವುದು ಎಲ್ಲಕ್ಕಿಂತ ಸಲೀಸು. ಬರೀ ಕ್ಲಿಪ್ ಬೇಕಾದರೆ ಬೆಂಗಳೂರಿನ ಜೆ.ಸಿ. ರೋಡಿನಂಥ ಬಿಡಿಭಾಗಗಳ ಬೀದಿಯಲ್ಲಿ ಸಿಗುತ್ತದೆ, ಮುರಿದದ್ದನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗಿ ಅಳತೆ ಹೋಲಿಸಿ ತನ್ನಿ. ಹಳೇ ಕಾರಿನಿಂದ ಬಿಚ್ಚಿದ ಪ್ಯಾನೆಲ್ ತರಬಹುದು, ತೊಂದರೆ ಇಲ್ಲ. ಹಳೇ ಕಾರಿನ ಏರ್‌ಬ್ಯಾಗ್ ಇರುವ ಒರಗನ್ನು ಮಾತ್ರ ಎಷ್ಟೇ ಅಗ್ಗಕ್ಕೆ ಕೊಟ್ಟರೂ ತರಬೇಡಿ.